ರಿಸಲ್ಟ್ ಬರಲಿ ಎಂದು ಕೂರಬೇಡಿ

ಸೆಮಿಸ್ಟರಿನ ಕೊನೆಯ ಪೇಪರ್ ಬರೆದು ಪುತ್ತೂರು, ಸುಳ್ಯ, ಕಡಬದ ಬಸ್ಸು ಹತ್ತಿರುವ ಇಂಗ್ಲಿಷ್ ಓದುವ ಮಕ್ಕಳೇ, ಕಹಿಯಾದದ್ದನ್ನು ಮೊದಲು ಹೇಳಿಬಿಡುತ್ತೇನೆ. "ರಿಸಲ್ಟ್ ಬರಲಿ, ಮತ್ತೆ ನೋಡುವ" ಎಂಬ ಮಾತು ನಮ್ಮ ಕಡೆ ಮನೆಮನೆಯಲ್ಲೂ ಇದೆ. ಕೇಂದ್ರೀಯ ವಿಶ್ವವಿದ್ಯಾಲಯಗಳ ಹತ್ತಿರ ಈ ಮಾತು ನಡೆಯುವುದಿಲ್ಲ. ಅಲ್ಲಿ ಎಂ.ಎ. ಸೇರಲು ಬರೆಯಬೇಕಾದ ಸಿಯುಇಟಿ-ಪಿಜಿ ಪರೀಕ್ಷೆಗೆ ಈಚಿನ ವರ್ಷಗಳಲ್ಲಿ ಡಿಸೆಂಬರ್, ಜನವರಿಯ ಹೊತ್ತಿಗೆ ಅರ್ಜಿ ಕರೆದು ಮಾರ್ಚ್‌ನಲ್ಲಿ ಪರೀಕ್ಷೆ ನಡೆಸುತ್ತಿದ್ದಾರೆ. ನೀವು ಆರನೆಯ ಸೆಮಿಸ್ಟರಿನ ಪಾಠ ಕೇಳುತ್ತಿರುವಾಗಲೇ ಆ ಬಾಗಿಲು ತೆರೆದು ಮುಚ್ಚಿರುತ್ತದೆ. ಆದ್ದರಿಂದ ಐದನೆಯ ಸೆಮಿಸ್ಟರ್ ಮುಗಿಸಿದವರಿಗೆ ರಜೆಯೆಂದರೆ ಬರೀ ರಜೆಯಲ್ಲ. ನಾಲ್ಕನೆಯದನ್ನು ಮುಗಿಸಿದವರು ಈಗಿನಿಂದಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟುಕೊಳ್ಳಿ.

ಕೇಂದ್ರೀಯ ವಿಶ್ವವಿದ್ಯಾಲಯವೆಂದರೆ ದೆಹಲಿ, ಹೈದರಾಬಾದ್ ಎಂದು ಹೆದರಬೇಕಾಗಿಲ್ಲ. ಸುಳ್ಯದಿಂದ ಜಾಲ್ಸೂರು, ಮುಳ್ಳೇರಿಯ, ಚೆರ್ಕಳ ದಾಟಿ ಹೋದರೆ ಕಾಸರಗೋಡು ಜಿಲ್ಲೆಯ ಪೆರಿಯದಲ್ಲೇ ಒಂದಿದೆ. 2009ರಲ್ಲಿ ಶುರುವಾದ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯ ಅದು. ಅಲ್ಲಿ ಇಂಗ್ಲಿಷ್ ಮತ್ತು ತೌಲನಿಕ ಸಾಹಿತ್ಯದಲ್ಲಿ ಎಂ.ಎ. ಇದೆ. ಬೆಂಗಳೂರಿನ ಹೆಸರು ಗೊತ್ತಿದ್ದು ಪೆರಿಯದ ಹೆಸರು ಗೊತ್ತಿಲ್ಲದ ಮಕ್ಕಳೇ ನಮ್ಮಲ್ಲಿ ಹೆಚ್ಚು. ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯ ಹೇಗೂ ಇದೆ, 1980ರಿಂದ ಈ ಜಿಲ್ಲೆಯ ಎಷ್ಟೋ ಮನೆಗಳ ಮೊದಲ ಸ್ನಾತಕೋತ್ತರ ಪದವೀಧರರನ್ನು ತಯಾರು ಮಾಡಿದ ಜಾಗ. ಒಂದನ್ನು ಬಿಟ್ಟು ಇನ್ನೊಂದು ಎನ್ನುತ್ತಿಲ್ಲ. ಎರಡಕ್ಕೂ ಅರ್ಜಿ ಹಾಕಿ.

ಅರ್ಜಿ ಹಾಕುವ ಮುಂಚೆ ನಿಮ್ಮ ಹೆಸರನ್ನು ಒಮ್ಮೆ ಸರಿಯಾಗಿ ನೋಡಿಕೊಳ್ಳಿ. ತಮಾಷೆಗೆ ಹೇಳುತ್ತಿಲ್ಲ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಹಿಂದೆ ಇನಿಶಿಯಲ್, ಆಧಾರ್‌ನಲ್ಲಿ ಮುಂದೆ ಅಪ್ಪನ ಪೂರ್ತಿ ಹೆಸರು, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಮನೆತನದ ಹೆಸರು, ಯುಯುಸಿಎಂಎಸ್‌ನಲ್ಲಿ ಕಾಲೇಜಿಗೆ ಸೇರಿದ ದಿನ ಗಡಿಬಿಡಿಯಲ್ಲಿ ತುಂಬಿದ ಮತ್ತೊಂದು ಅವತಾರ. ನಾಲ್ಕು ಕಡೆ ನಾಲ್ಕು ಜನ! ಕೊನೆಯ ದಿನ ಸೈಬರ್ ಅಂಗಡಿಯಲ್ಲಿ ಸಾಲು ನಿಂತು, ಕರೆಂಟು ಹೋಗಿ ಬಂದು, ಸರ್ವರ್ ಸಿಕ್ಕಿದಾಗ ಪರದೆಯ ಮೇಲೆ ಹೆಸರು ಹೊಂದುತ್ತಿಲ್ಲವೆಂದು ಕೆಂಪಕ್ಷರ ಬಂದರೆ ಅಳುವುದೊಂದೇ ಬಾಕಿ. ರಜೆಯಲ್ಲಿ ಈ ಕೆಲಸ ಮುಗಿಸಿ. ಹಿಂದುಳಿದ ವರ್ಗದವರು ಇನ್ನೊಂದನ್ನು ಗಮನಿಸಬೇಕು: ನಾಡಕಚೇರಿಯಿಂದ ತಂದ 2ಎ, 3ಬಿ ಪ್ರಮಾಣಪತ್ರ ರಾಜ್ಯದ್ದು. ಕೇಂದ್ರದ ಒಬಿಸಿ ಪ್ರಮಾಣಪತ್ರದ ನಮೂನೆಯೇ ಬೇರೆ, ಪಟ್ಟಿಯೂ ಬೇರೆ. ರಾಜ್ಯದ ಕಾಗದ ಹಿಡಿದು ಕೇಂದ್ರದ ಸೀಟು ಕೇಳಿದರೆ ಕೊಡುವುದಿಲ್ಲ.

ಎಂ.ಎ. ಮಾಡುತ್ತಿರುವವರಿಗೆ ಎರಡು ಮಾತು. ಯುಜಿಸಿ-ನೆಟ್ ವರ್ಷಕ್ಕೆ ಎರಡು ಸಲ ಬರುತ್ತದೆ, ಜೂನ್ ಆವೃತ್ತಿ ಮತ್ತು ಡಿಸೆಂಬರ್ ಆವೃತ್ತಿ. ಕೊನೆಯ ವರ್ಷದಲ್ಲಿರುವಾಗಲೇ ಬರೆಯಬಹುದು. 150 ಪ್ರಶ್ನೆ, 300 ಅಂಕ, ಮೂರು ಗಂಟೆ, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಅದರಲ್ಲಿ 50 ಪ್ರಶ್ನೆ ಎಲ್ಲ ವಿಷಯದವರಿಗೂ ಸಮಾನವಾದ ಮೊದಲ ಪತ್ರಿಕೆಯದ್ದು. ನಮ್ಮ ಸಾಹಿತ್ಯದ ಮಕ್ಕಳು ಮಿಲ್ಟನ್, ಎಲಿಯಟ್ ಎಂದು ಎರಡನೆಯ ಪತ್ರಿಕೆಯನ್ನು ಉರು ಹೊಡೆದು, ಶೇಕಡಾವಾರು ಲೆಕ್ಕ, ತರ್ಕ ಇರುವ ಮೊದಲ ಪತ್ರಿಕೆಯಲ್ಲಿ ಮುಗ್ಗರಿಸುತ್ತಾರೆ. ಏಳನೆಯ ತರಗತಿಯ ಗಣಿತ ಪುಸ್ತಕವನ್ನು ತಂಗಿಯಿಂದಲೋ ತಮ್ಮನಿಂದಲೋ ಕಸಿದುಕೊಂಡು ಒಂದು ತಿಂಗಳು ಕೂರಿ. ನೆಟ್‌ನ ಉಪನ್ಯಾಸಕ ಅರ್ಹತೆಗೆ ವಯಸ್ಸಿನ ಮಿತಿಯಿಲ್ಲ. ಆದರೆ ಸಂಶೋಧನೆಗೆ ತಿಂಗಳಿಗೆ 37,000 ರೂಪಾಯಿ ಕೊಡುವ ಜೆಆರ್‌ಎಫ್‌ಗೆ ಸಾಮಾನ್ಯ ವರ್ಗದವರಿಗೆ 30 ವರ್ಷವೇ ಗಡಿ. ರಾಜ್ಯದ ಕೆ-ಸೆಟ್ ಪರೀಕ್ಷೆಯನ್ನು ಈಗ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುತ್ತದೆ. ಅದರಲ್ಲಿ ಫೆಲೋಶಿಪ್ ಇಲ್ಲ, ಅರ್ಹತೆ ಇದೆ. ನೆಟ್, ಕೆ-ಸೆಟ್ ಎರಡೂ ಇಲ್ಲದೆ, ಪಿಎಚ್.ಡಿ.ಯೂ ಇಲ್ಲದೆ ಅತಿಥಿ ಉಪನ್ಯಾಸಕರಾಗಿ ವರ್ಷಗಟ್ಟಲೆ ನಡೆಸಿಬಿಡಬಹುದು ಎಂದಿದ್ದ ಕಾಲ ಹೋಯಿತು.

ಶಾಲಾ ಮೇಷ್ಟರಾಗುವ ಆಸೆ ಇರುವವರು ಬಿ.ಎಡ್. ಮಾಡಿ, ನಾಚಿಕೆಪಡಬೇಡಿ. ಪಿಯು ಉಪನ್ಯಾಸಕರಿಗೂ ಎಂ.ಎ. ಜೊತೆ ಬಿ.ಎಡ್. ಕೇಳುತ್ತಾರೆ.

ಇದಿಷ್ಟು ಯಾವ ಕೋಚಿಂಗ್ ಸೆಂಟರಿನವರೂ ಹೇಳುತ್ತಾರೆ. ನಾನು ಹೇಳಬೇಕೆಂದು ಕೂತದ್ದು ಬೇರೆ.

ನಮ್ಮ ಮೂರು ತಾಲೂಕುಗಳ ಇಂಗ್ಲಿಷ್ ತರಗತಿಯಲ್ಲಿ ಕೂತಿರುವ ಒಂದು ಹುಡುಗಿಯನ್ನು ತೆಗೆದುಕೊಳ್ಳಿ. ಮನೆಯಲ್ಲಿ ಅರೆಭಾಷೆ. ಅಂಗಡಿಯಲ್ಲಿ, ಬಸ್ಸಿನಲ್ಲಿ ತುಳು. ಶಾಲೆಯಲ್ಲಿ ಕನ್ನಡ. ನೆರೆಮನೆಯವರ ಮಲಯಾಳವೋ ಬ್ಯಾರಿಯೋ ಪೂರ್ತಿ ಅರ್ಥವಾಗುತ್ತದೆ, ಬೇಕಾದರೆ ಮಾತಾಡಿಯೂ ಬಿಡುತ್ತಾಳೆ. ಹವ್ಯಕರ ಮನೆಯ, ಕೊಂಕಣಿಯವರ ಮನೆಯ ಮಕ್ಕಳ ಕಥೆಯೂ ಹೀಗೇ. ಇಂಗ್ಲಿಷ್ ತರಗತಿಗೆ ಬರುವಾಗ ಮಾತ್ರ ಈ ಭಾಷೆಗಳನ್ನೆಲ್ಲ ಚಪ್ಪಲಿಯ ಹಾಗೆ ಬಾಗಿಲ ಹೊರಗೆ ಕಳಚಿಟ್ಟು ಬರುತ್ತೀರಿ. "ನಮ್ಮದು ಕನ್ನಡ ಮೀಡಿಯಂ ಸರ್" ಎಂದು ತಲೆ ತಗ್ಗಿಸುತ್ತೀರಿ. ಮಾರಾಯ್ರೇ, ತಲೆ ತಗ್ಗಿಸಬೇಕಾದದ್ದು ಇಂಗ್ಲಿಷ್ ಒಂದೇ ಗೊತ್ತಿರುವವರು. ಬರೇ ಇಂಗ್ಲಿಷ್ ಬಲ್ಲವರು ನಗರಗಳಲ್ಲಿ ಲಕ್ಷಾಂತರ ಇದ್ದಾರೆ, ಅವರೊಡನೆ ಉಚ್ಚಾರದಲ್ಲಿ ಪೈಪೋಟಿ ಮಾಡಿ ನೀವು ಗೆಲ್ಲಲಾರಿರಿ. ಜಾಹೀರಾತಿನ ಸಾಲು, ವೆಬ್‌ಸೈಟಿನ ಬರಹ ಮುಂತಾದ ಸಣ್ಣಪುಟ್ಟ ಇಂಗ್ಲಿಷ್ ಕೆಲಸಗಳನ್ನು ಈಗ ಯಂತ್ರವೇ ಮಾಡಿ ಎಸೆಯುತ್ತಿದೆ. ಆ ಯಂತ್ರಕ್ಕೆ ಅರೆಭಾಷೆಯಲ್ಲಿ ಒಂದು ಜಗಳವನ್ನೋ ಹವ್ಯಕ ಕನ್ನಡದಲ್ಲಿ ಒಂದು ಕುಹಕವನ್ನೋ ಕೊಟ್ಟು ನೋಡಿ, ಕಕ್ಕಾಬಿಕ್ಕಿಯಾಗುತ್ತದೆ.

ನಿಮ್ಮ ಕೆಲಸ ಇರುವುದು ಅಲ್ಲೇ, ನಮ್ಮ ಮಾತನ್ನು ಇಂಗ್ಲಿಷಿಗೆ ದಾಟಿಸುವುದರಲ್ಲಿ. ಸಂಪಾಜೆ ಘಾಟಿ ಹತ್ತಿದರೆ ಸಿಗುವ ಮಡಿಕೇರಿಯವರು ದೀಪಾ ಭಾಸ್ತಿ. ಬಾನು ಮುಷ್ತಾಕ್ ಅವರ ಹನ್ನೆರಡು ಕಥೆಗಳನ್ನು 'ಹಾರ್ಟ್ ಲ್ಯಾಂಪ್' ಎಂದು ಇಂಗ್ಲಿಷಿಗೆ ತಂದರು. 2025ರ ಮೇ ತಿಂಗಳಲ್ಲಿ ಅದಕ್ಕೆ ಅಂತರರಾಷ್ಟ್ರೀಯ ಬೂಕರ್ ಬಂತು. ಆ ಪ್ರಶಸ್ತಿಯ ಹಣ 50,000 ಪೌಂಡ್, ಲೇಖಕರಿಗೂ ಅನುವಾದಕರಿಗೂ ಸರಿಸಮ ಪಾಲು. ಕನ್ನಡದ ಪದಗಳನ್ನು ಓರೆ ಅಕ್ಷರದಲ್ಲಿ ಮುದ್ರಿಸದೆ, ಅಡಿಟಿಪ್ಪಣಿ ಕೊಡದೆ, ಓದುವವರು ಬೇಕಾದರೆ ನಮ್ಮ ಹತ್ತಿರ ಬರಲಿ ಎಂಬಂತೆ ಅನುವಾದಿಸಿದ್ದಾರೆ. ಅದಕ್ಕಿಂತ ಮೊದಲು ಅವರು ಶಿವರಾಮ ಕಾರಂತರ ಒಂದು ಕಾದಂಬರಿಯನ್ನೂ ಇಂಗ್ಲಿಷಿಗೆ ತಂದಿದ್ದರು. ಕಾರಂತರು ದಶಕಗಟ್ಟಲೆ ಬಾಳಿದ ಬಾಲವನ ನಿಮ್ಮ ಪುತ್ತೂರಿನಲ್ಲಿದೆ. ಕಾಲೇಜಿನ ಪ್ರವಾಸದಲ್ಲಿ ಫೋಟೋ ತೆಗೆಸಿಕೊಂಡು ಬಂದಿರುತ್ತೀರಿ. ಕಾಲೇಜು ಬಿಟ್ಟು ಚಳವಳಿಗೆ ಹೋದ ಆ ಮನುಷ್ಯ ರೇಚಲ್ ಕಾರ್ಸನ್ ಅವರ ಕಡಲಿನ ಪುಸ್ತಕವನ್ನು ಕನ್ನಡಕ್ಕೆ ತಂದವರು. ದಾರಿ ಎರಡೂ ಕಡೆಗೆ ಇದೆ ಎಂದು ತೋರಿಸಲು ಇದನ್ನು ಹೇಳಿದೆ.

ಈಗ ಕಡಬದ ಕಡೆಗೆ ಬನ್ನಿ. ಸುಬ್ರಹ್ಮಣ್ಯದ ಹತ್ತಿರದ ಕುಳ್ಕುಂದದಲ್ಲಿ 1924ರಲ್ಲಿ ಹುಟ್ಟಿದವರು ನಿರಂಜನ. ಕಯ್ಯೂರಿನ ರೈತರ ಹೋರಾಟದ ಮೇಲೆ ಅವರು ಬರೆದ 'ಚಿರಸ್ಮರಣೆ'ಯನ್ನು ಇಂಗ್ಲಿಷಿಗೆ ಅನುವಾದಿಸಿದವರು ಮಗಳು ತೇಜಸ್ವಿನಿ ನಿರಂಜನ. ಮುಂದೆ ಜಯಂತ ಕಾಯ್ಕಿಣಿಯವರ ಮುಂಬಯಿ ಕಥೆಗಳನ್ನು ಅನುವಾದಿಸಿ 2018ನೇ ಸಾಲಿನ ಡಿಎಸ್‌ಸಿ ದಕ್ಷಿಣ ಏಷ್ಯಾ ಪ್ರಶಸ್ತಿಯನ್ನು ಲೇಖಕರೊಂದಿಗೆ ಹಂಚಿಕೊಂಡರು. ಕುಕ್ಕೆಯ ದಾರಿಯಲ್ಲಿ ಓಡಾಡುವ ಇಂಗ್ಲಿಷ್ ಎಂ.ಎ. ವಿದ್ಯಾರ್ಥಿಗಳಲ್ಲಿ ಕುಳ್ಕುಂದದ ಹೆಸರಿಗೆ ಕತ್ತು ತಿರುಗಿಸುವವರು ಎಷ್ಟು ಮಂದಿ?

ನನಗೆ ಸ್ವಲ್ಪ ಹೊಟ್ಟೆ ಉರಿಯುವ ಸಂಗತಿಯೊಂದಿದೆ. ತುಳುವಿನ ಮೊದಲ ಕಾದಂಬರಿಗಳಲ್ಲಿ ಒಂದಾದ ಪಣಿಯಾಡಿಯವರ 'ಸತಿ ಕಮಲೆ'ಯನ್ನೂ ಡಿ.ಕೆ. ಚೌಟರ 'ಮಿತ್ತಬೈಲ್ ಯಮುನಕ್ಕೆ'ಯನ್ನೂ ಇಂಗ್ಲಿಷಿಗೆ ಕೊಟ್ಟವರು ಬಿ. ಸುರೇಂದ್ರ ರಾವ್ ಮತ್ತು ಕೆ. ಚಿನ್ನಪ್ಪ ಗೌಡ. ಒಬ್ಬರು ಇತಿಹಾಸದ ಪ್ರಾಧ್ಯಾಪಕರು, ಇನ್ನೊಬ್ಬರು ಕನ್ನಡ ಮತ್ತು ಜಾನಪದದವರು. ಇಂಗ್ಲಿಷ್ ವಿಭಾಗದ ನಾವೆಲ್ಲ ಆಗ ಎಲ್ಲಿ ಹೋಗಿದ್ದೆವು? ವರ್ಡ್ಸ್‌ವರ್ತನ ಹಳದಿ ಹೂವುಗಳನ್ನು ವಿವರಿಸುತ್ತಿದ್ದೆವು. ಆ ಹೂವನ್ನು ನಮ್ಮಲ್ಲಿ ಹೆಚ್ಚಿನವರು ಕಂಡದ್ದಿಲ್ಲ.

ಬರೇ ಕಥೆ, ಕಾದಂಬರಿ ಎಂದುಕೊಳ್ಳಬೇಡಿ. ಪುತ್ತೂರಿನಿಂದ 1988ರಲ್ಲಿ ಹೊರಟ 'ಅಡಿಕೆ ಪತ್ರಿಕೆ'ಯಲ್ಲಿ ಕೃಷಿಕರೇ ಪೆನ್ನು ಹಿಡಿದರು. ಅದನ್ನು ಕಟ್ಟಿದ ಶ್ರೀ ಪಡ್ರೆಯವರು ಹಲಸು, ಮಳೆನೀರು ಕುರಿತು ಇಂಗ್ಲಿಷಿನಲ್ಲೂ ಬರೆಯುತ್ತ ಬಂದವರು. ಎಂಡೋಸಲ್ಫಾನ್ ಸಂಕಟವನ್ನು ಹೊರಜಗತ್ತಿಗೆ ತಿಳಿಸಿದವರಲ್ಲಿ ಮೊದಲಿಗರು. ಓದಿದ್ದು ವಿಜ್ಞಾನ. ನಮ್ಮ ತೋಟದ ಸುದ್ದಿಯನ್ನು ಇಂಗ್ಲಿಷಿನಲ್ಲಿ ಓದಲು ದೇಶದಲ್ಲೆಲ್ಲ ಜನರಿದ್ದಾರೆಂದು ಅವರ ಬರವಣಿಗೆಯಿಂದ ಗೊತ್ತಾಯಿತು. ಸಂಪಾಜೆ, ಅರಂತೋಡಿನಲ್ಲಿ ತೋಟಗಳು ಹಳದಿ ಎಲೆ ರೋಗಕ್ಕೆ ಬಲಿಯಾದದ್ದನ್ನು ಒಳಗಿನಿಂದ ಕಂಡವರು ನೀವು. ಅದನ್ನು ಇಂಗ್ಲಿಷಿನಲ್ಲಿ ಬರೆಯಲು ಬೆಂಗಳೂರಿನಿಂದ ಯಾರೋ ಎರಡು ದಿನಕ್ಕೆ ಬಂದು ಹೋಗಬೇಕೇ?

ಹಾಗಾದರೆ ಮಾಡುವುದೇನು? ಈ ರಜೆಯಲ್ಲಿ ಒಂದೇ ಒಂದು ಪುಟ. ಅಡಿಕೆಯನ್ನು ಅಂಗಳದಲ್ಲಿ ಒಣಗಿಸಿ, ಸುಲಿದು, ಪಟೋರ, ಕರಿಗೋಟು ಎಂದು ಹೆಕ್ಕಿ ಬೇರೆ ಮಾಡುವುದನ್ನು ನಿಮ್ಮ ಅಜ್ಜಿ ಹೇಳಿದ ಹಾಗೇ ಬರೆದುಕೊಳ್ಳಿ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿದರೂ ಕೈಯಲ್ಲಿ ಬರೆಯಿರಿ. ಆಮೇಲೆ ಅದನ್ನು ಇಂಗ್ಲಿಷಿಗೆ ತನ್ನಿ. "ಸುಲಿದು, ಹೆಕ್ಕಿ, ಗೋಣಿಗೆ ತುಂಬಿ ಇಟ್ಟಾಯಿತು" ಎಂದು ಅಜ್ಜಿ ಹೇಳಿದರೆ ಸುಲಿದವರು ಯಾರೆಂದು ಕನ್ನಡದಲ್ಲಿ ಯಾರೂ ಕೇಳುವುದಿಲ್ಲ. ಇಂಗ್ಲಿಷ್ ವಾಕ್ಯ ಕರ್ತೃ ಎಲ್ಲಿ ಎಂದು ಕೇಳುತ್ತದೆ. ನೀವು ಎದ್ದು ಹೋಗಿ ಅಜ್ಜಿಯನ್ನು ವಿಚಾರಿಸಬೇಕು: ಸುಲಿಯಲು ಬರುತ್ತಿದ್ದವರು ಯಾರು, ಯಾವ ಊರಿನವರು, ರಾತ್ರಿ ಎಷ್ಟು ಹೊತ್ತಿನವರೆಗೆ ಕೂರುತ್ತಿದ್ದರು, ಕೂಲಿ ಏನಿತ್ತು? ಅಜ್ಜಿ ಒಂದು ಗಳಿಗೆ ಸುಮ್ಮನಾಗಿ ಮತ್ತೆ ಹೇಳಲು ತೊಡಗುತ್ತಾರೆ, ಮೊದಲು ಹೇಳದೆ ಬಿಟ್ಟದ್ದೆಲ್ಲ ಆಗ ಬರುತ್ತದೆ. ನಿಮ್ಮ ಮನೆಯ ಇತಿಹಾಸ ಒಂದು ವ್ಯಾಕರಣದ ತೊಡಕಿನಿಂದ ಹೊರಬೀಳುತ್ತದೆ. ಇಂಗ್ಲಿಷ್ ಓದಿದ್ದಕ್ಕೆ ಇಷ್ಟಾದರೂ ಉಪಯೋಗ ಬೇಡವೇ? ಬರೆದು ಮುಗಿದ ಮೇಲೆ ಗಟ್ಟಿಯಾಗಿ ಓದಿ. ನಾಲಗೆ ತಡವರಿಸಿದಲ್ಲಿ ಗೀಟು ಹಾಕಿ ತಿದ್ದಿ.

ಹೀಗೆ ಕೈ ಪಳಗಿದವರಿಗೆ ಹೋಗಲು ಜಾಗಗಳಿವೆ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದಲ್ಲಿ ರಾಷ್ಟ್ರೀಯ ಅನುವಾದ ಮಿಷನ್ ಇದೆ. ಬೆಂಗಳೂರಿನಲ್ಲಿ ಕುವೆಂಪು ಭಾಷಾ ಭಾರತಿ ಪ್ರಾಧಿಕಾರ ಅನುವಾದಕ್ಕೆಂದೇ ಇರುವುದು. ಟೋಟೋ ಫಂಡ್ಸ್ ದಿ ಆರ್ಟ್ಸ್ ಎಂಬ ಸಂಸ್ಥೆ ಮೂವತ್ತರೊಳಗಿನ ಬರಹಗಾರರಿಗೆ ಕನ್ನಡ, ಇಂಗ್ಲಿಷ್ ಎರಡರಲ್ಲೂ ಪ್ರಶಸ್ತಿ ಕೊಡುತ್ತದೆ. ನ್ಯೂ ಇಂಡಿಯಾ ಫೌಂಡೇಶನ್ನಿನ ಅನುವಾದ ಫೆಲೋಶಿಪ್ಪಿನ ಹತ್ತು ಭಾಷೆಗಳಲ್ಲಿ ಕನ್ನಡವೂ ಒಂದು. ಅದು ಕಥೆ, ಕಾದಂಬರಿಯಲ್ಲದ ಪುಸ್ತಕಗಳಿಗೆ. ಇಂಗ್ಲಿಷ್ ಕಲಿಸುವುದನ್ನೇ ವಿದ್ಯೆಯಾಗಿ ಕಲಿಯಬೇಕೆನ್ನುವವರಿಗೆ ಬೆಂಗಳೂರಿನ ಜ್ಞಾನಭಾರತಿಯಲ್ಲಿ 1963ರಿಂದ ಇರುವ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ. ಮಡಿಕೇರಿಯ ಅರೆಭಾಷೆ ಅಕಾಡೆಮಿ, ಮಂಗಳೂರಿನ ತುಳು ಅಕಾಡೆಮಿಗಳ ಬಾಗಿಲನ್ನು ಇಂಗ್ಲಿಷ್ ವಿದ್ಯಾರ್ಥಿಗಳು ತಟ್ಟಬಾರದೆಂದು ಎಲ್ಲೂ ಬರೆದಿಲ್ಲ. ಹೆಸರು ಅಚ್ಚಿನಲ್ಲಿ ಮೊದಲು ಕಾಣಬೇಕೆನ್ನುವವರಿಗೆ ಊರಿನ 'ಸುದ್ದಿ ಬಿಡುಗಡೆ' ಇದೆ, ಕಾಲೇಜಿನ ವಾರ್ಷಿಕ ಸಂಚಿಕೆ ಇದೆ. ಅಲ್ಲಿಂದ ಶುರುಮಾಡಿದವರು ಕೆಟ್ಟದ್ದನ್ನು ನಾನು ಕಂಡಿಲ್ಲ.

ಮನೆಯ ಪರಿಸ್ಥಿತಿ ನನಗೆ ಗೊತ್ತಿದೆ. ತೋಟ ಸೋತ ಮನೆಯಲ್ಲಿ ಎರಡು ವರ್ಷ ಎಂ.ಎ. ಎಂದರೆ ಅಪ್ಪನ ಮುಖ ಸಪ್ಪೆಯಾಗುತ್ತದೆ. ಹುಡುಗಿಯರಿಗಂತೂ ಪದವಿ ಮುಗಿಯುವ ಮೊದಲೇ ಜಾತಕ ಹೊರಡುತ್ತದೆ. ಓದು ಮುಂದುವರಿಸುವವರು ಎಸ್‌ಎಸ್‌ಪಿ ವಿದ್ಯಾರ್ಥಿವೇತನದ ಅರ್ಜಿ ಬಿಡಬೇಡಿ. ಓದು ನಿಲ್ಲಿಸಿ ಕೆಲಸ ಹುಡುಕುವ ಪದವೀಧರರಿಗೆ, ತೇರ್ಗಡೆಯಾಗಿ ಆರು ತಿಂಗಳಾದರೂ ಕೆಲಸ ಸಿಗದಿದ್ದರೆ, ಯುವನಿಧಿಯಲ್ಲಿ ತಿಂಗಳಿಗೆ 3,000 ರೂಪಾಯಿಯಂತೆ ಹೆಚ್ಚೆಂದರೆ ಎರಡು ವರ್ಷ ಸಿಗುತ್ತದೆ. ಅದರಿಂದ ಸಂಸಾರ ನಡೆಯದು, ಪರೀಕ್ಷೆಗಳ ಅರ್ಜಿ ಶುಲ್ಕಕ್ಕೂ ಬಸ್ಸಿಗೂ ಸಾಕು. ಮನೆಯಲ್ಲಿ ಜಗಳವಾಡಬೇಡಿ, ಲೆಕ್ಕ ಬರೆದು ತೋರಿಸಿ. ನಮ್ಮ ಕಡೆಯ ಅಪ್ಪಂದಿರು ಭಾಷಣಕ್ಕೆ ಬಗ್ಗುವುದಿಲ್ಲ, ಕಾಗದದ ಮೇಲಿನ ಲೆಕ್ಕಕ್ಕೆ ಬಗ್ಗುತ್ತಾರೆ.

ಅಜ್ಜಿಯ ಆ ಪುಟವನ್ನು ಕಾಲೇಜು ತೆರೆದ ಮೊದಲ ವಾರದಲ್ಲೇ ನಿಮ್ಮ ಇಂಗ್ಲಿಷ್ ಅಧ್ಯಾಪಕರ ಕೈಗೆ ಕೊಡಿ. ಓದಲು ಸಮಯವಿಲ್ಲ ಎಂದರೆ ಕನ್ನಡ ವಿಭಾಗದವರಿಗೆ ಕೊಡಿ. ಅವರು ಓದುತ್ತಾರೆ.