ಹನ್ನೊಂದು ಡಿಗ್ರಿಯ ಆಕಾಶ

ಊಟಿ ಬಳಿಯ ಮುತ್ತೊರೈಯಲ್ಲಿರುವ 530 ಮೀಟರ್ ಉದ್ದದ ರೇಡಿಯೊ ದೂರದರ್ಶಕ 1970ರಲ್ಲಿ ಸಿದ್ಧವಾಯಿತು. ಅದಕ್ಕೆಂದು ಖಗೋಳ ವಿಜ್ಞಾನಿ ಗೋವಿಂದ ಸ್ವರೂಪ್ ಆರಿಸಿದ್ದು ಸುಮಾರು 11 ಡಿಗ್ರಿ ಇಳಿಜಾರಿನ ಗುಡ್ಡ. ಅಲ್ಲಿನ ಅಕ್ಷಾಂಶವೂ ಅಷ್ಟೇ. ಹಾಗಾಗಿ ದೂರದರ್ಶಕದ ಉದ್ದ ಭೂಮಿಯ ಅಕ್ಷಕ್ಕೆ ಸಮಾನಾಂತರವಾಗಿದ್ದು, ಒಂದೇ ಅಕ್ಷದ ಮೇಲೆ ಹೊರಳಿಸಿದರೆ ಸಾಕು, ಒಂಬತ್ತೂವರೆ ಗಂಟೆ ಆಕಾಶವನ್ನು ಹಿಂಬಾಲಿಸುತ್ತದೆ. ಆಕಾಶದ ಚಿತ್ರ ತೆಗೆಯುವಾಗ ಗೈಡ್ ಕ್ಯಾಮೆರಾ ಒಂದು ನಕ್ಷತ್ರವನ್ನು ನೋಡುತ್ತ ದೂರದರ್ಶಕ ಹೊತ್ತ ಮೌಂಟನ್ನು ತಿದ್ದುತ್ತಿರುತ್ತದೆ; ಈ ಆಟೋಗೈಡಿಂಗ್ ಸುಧಾರಿಸುವುದು ಹೇಗೆಂದು ಕೇಳುವವರಿಗೆ ನಾನು ಮೊದಲು ಹೇಳುವುದು ಈ ಗುಡ್ಡದ ವಿಷಯ. ಅಕ್ಷ ಸರಿಯಿದ್ದರೆ ಗೈಡ್ ಕ್ಯಾಮೆರಾಕ್ಕೆ ಕೆಲಸ ಕಡಿಮೆ.

ನಾನು ಚಿತ್ರ ತೆಗೆಯುವ ಮಸಿನಗುಡಿಯಲ್ಲಿ ಆನೆಗಳ ಓಡಾಟವಿರುವುದರಿಂದ ರಾತ್ರಿ ಬಯಲಿಗೆ ಹೋಗುವಂತಿಲ್ಲ. ಅಂಗಳದಲ್ಲೇ ಟ್ರೈಪಾಡ್ ಹೂಡಬೇಕು. ಅಲ್ಲಿಂದ ಧ್ರುವ ನಕ್ಷತ್ರ ಮರಗಳ ಹಿಂದೆ. ಅದನ್ನು ನಂಬದೆ ಡ್ರಿಫ್ಟ್ ವಿಧಾನ ಹಿಡಿದೆ: ನೆತ್ತಿಗಿಂತ ತುಸು ದಕ್ಷಿಣಕ್ಕಿರುವ ನಕ್ಷತ್ರದ ಜಾರುವಿಕೆ ನೋಡಿ ಮೌಂಟನ್ನು ಎಡಬಲಕ್ಕೆ ತಿದ್ದುವುದು, ಪೂರ್ವದಲ್ಲಿ ಕೆಳಗಿರುವ ನಕ್ಷತ್ರ ನೋಡಿ ಎತ್ತರ ತಿದ್ದುವುದು. ತಾಳ್ಮೆ ಬೇಡುವ ಕೆಲಸ, ಆದರೆ ಇಷ್ಟು ಫಲ ಕೊಟ್ಟದ್ದು ಬೇರೆ ಯಾವುದೂ ಇಲ್ಲ. ಇಷ್ಟು ಕಡಿಮೆ ಅಕ್ಷಾಂಶದಲ್ಲಿ ತೂಕದ ಸರಳು ಟ್ರೈಪಾಡ್ ಕಾಲಿಗೆ ತಾಗಬಹುದು. ಮೊದಲೇ ತಿರುಗಿಸಿ ನೋಡಿಕೊಳ್ಳಬೇಕು.

ಆಮೇಲೆ ಗೇರ್. ಇಕ್ಯೂ6 ಮೌಂಟ್‌ನ ವರ್ಮ್ ಒಂದು ಸುತ್ತು ಬರಲು ಸುಮಾರು 8 ನಿಮಿಷ ಬೇಕು. ಅದರಿಂದ ಚಲನೆಯಲ್ಲಾಗುವ ಏರಿಳಿತ ನಿಧಾನದ್ದು, ಗೈಡಿಂಗ್ ಸಲೀಸಾಗಿ ತಿದ್ದುತ್ತದೆ. ವಾತಾವರಣದಿಂದಾಗುವ ನಕ್ಷತ್ರದ ನಡುಕ ಹಾಗಲ್ಲ. ಗೈಡ್ ಕ್ಯಾಮೆರಾಕ್ಕೆ ಒಂದು ಸೆಕೆಂಡಿನ ಎಕ್ಸ್‌ಪೋಶರ್ ಇಟ್ಟರೆ ಮೌಂಟ್ ಆ ನಡುಕದ ಬೆನ್ನು ಹತ್ತುತ್ತದೆ. ಮೂರು-ನಾಲ್ಕು ಸೆಕೆಂಡಿಗೆ ಏರಿಸಿದ ಮೇಲೆ ಗೈಡಿಂಗ್ ದೋಷ ತೋರಿಸುವ ಗ್ರಾಫ್ ತಣ್ಣಗಾಯಿತು. ಪೂರ್ವದ ಬದಿಗೆ ಸ್ವಲ್ಪ ಭಾರ ಹೆಚ್ಚು ಬಿಟ್ಟರೆ ಗೇರ್‌ನ ಹಲ್ಲುಗಳು ಸದಾ ಕಚ್ಚಿಕೊಂಡಿರುತ್ತವೆ.

ಗ್ರಾಫ್ ಚೆನ್ನಾಗಿದ್ದೂ ಚಿತ್ರದಲ್ಲಿ ನಕ್ಷತ್ರ ಉದ್ದವಾಗಿ ಬಂದರೆ ತಂತ್ರಾಂಶ ಬಿಟ್ಟು ಸ್ಕ್ರೂಗಳನ್ನು ನೋಡಿ. ಗೈಡ್‌ಸ್ಕೋಪ್ ಮತ್ತು ಮುಖ್ಯ ದೂರದರ್ಶಕ ಬೇರೆ ಬೇರೆಯಾಗಿ ಬಾಗುತ್ತಿರುತ್ತವೆ. ಜೋತಾಡುವ ಕೇಬಲ್ ಎಳೆದರೂ ಹಾಗೇ. ಆಫ್-ಆಕ್ಸಿಸ್ ಗೈಡರ್‌ನಲ್ಲಿ ಗೈಡ್ ಕ್ಯಾಮೆರಾಕ್ಕೂ ಮುಖ್ಯ ಕ್ಯಾಮೆರಾಕ್ಕೂ ಒಂದೇ ಬೆಳಕಿನ ದಾರಿ, ಬಾಗುವಿಕೆಯ ಅಂತರ ಬಹುಪಾಲು ಹೋಗುತ್ತದೆ.

ಮಾರ್ಚ್‌ನಲ್ಲಿ ನಡುರಾತ್ರಿ ದಾಟುವ ಹೊತ್ತಿಗೆ ಒಮೆಗಾ ಸೆಂಟಾರಿ ನಕ್ಷತ್ರಗುಚ್ಛ ನೀಲಗಿರಿಯ ಗೋಡೆಯ ಮೇಲೇರಿರುತ್ತದೆ. ಇಲ್ಲಿ ಅದರ ಗರಿಷ್ಠ ಎತ್ತರ ಸುಮಾರು 31 ಡಿಗ್ರಿ. ಅಷ್ಟು ತಗ್ಗಿನಲ್ಲಿ ನಡುಕ ಹೆಚ್ಚು. ಅದಕ್ಕಾಗಿ ಗೈಡ್ ಎಕ್ಸ್‌ಪೋಶರ್ ಇನ್ನೂ ಹೆಚ್ಚಿಸಿ, ತಿದ್ದುವ ಬಿರುಸನ್ನು ಇಳಿಸುತ್ತೇನೆ.