ಮೌನಕ್ಕೆ ಗಡುವು ಇರುವ ಕಚೇರಿ

ವಿಶ್ವಸಂಸ್ಥೆಯ ಕಚೇರಿಗಳಲ್ಲಿ ದುಡಿಯಲು ಜಿನೀವಾಕ್ಕೆ ಹೋಗುವ ಭಾರತೀಯರು ಚಳಿಗೆ, ಊಟಕ್ಕೆ, ಫ್ರೆಂಚ್ ಭಾಷೆಗೆ ಮನಸ್ಸನ್ನು ಮೊದಲೇ ಸಿದ್ಧ ಮಾಡಿಕೊಂಡಿರುತ್ತಾರೆ. ಆದರೆ ತಾವು ಊರಿನಿಂದ ಹೊತ್ತು ತಂದ ಮೌನಕ್ಕೆ ಅಲ್ಲಿ ಬೇರೆಯೇ ಅರ್ಥವಿದೆ ಎಂಬುದು ಅವರಿಗೆ ತಿಳಿಯುವುದು ಒಂದೆರಡು ಪೆಟ್ಟು ತಿಂದ ಮೇಲೆ.

ಇದಕ್ಕೆ ಕಾರಣ ಕಚೇರಿಯ ರಚನೆಯಲ್ಲೇ ಇದೆ. 1945ರ ವಿಶ್ವಸಂಸ್ಥೆಯ ಸನ್ನದಿನ 100ನೆಯ ವಿಧಿಯ ಪ್ರಕಾರ ಅಲ್ಲಿನ ಸಿಬ್ಬಂದಿ ತಮ್ಮ ದೇಶದ ಸರ್ಕಾರವೂ ಸೇರಿದಂತೆ ಹೊರಗಿನ ಯಾರಿಂದಲೂ ಸೂಚನೆ ಪಡೆಯುವಂತಿಲ್ಲ. 101ನೆಯ ವಿಧಿ ದಕ್ಷತೆ, ಸಾಮರ್ಥ್ಯ, ಪ್ರಾಮಾಣಿಕತೆಗಳಿಗೆ ಮೊದಲ ಮಣೆ ಹಾಕುತ್ತಲೇ, ಆದಷ್ಟು ವಿಶಾಲ ಭೌಗೋಳಿಕ ನೆಲೆಯಿಂದ ಜನರನ್ನು ಆರಿಸಬೇಕೆಂದು ಹೇಳುತ್ತದೆ. ಹೀಗೆ ಹತ್ತು ದೇಶಗಳವರು ಒಂದೇ ಮೇಜಿನ ಸುತ್ತ ಕೂರುವಾಗ ಯಾವ ಒಂದು ನಾಡಿನ ಸಂಪ್ರದಾಯವೂ ನಡೆಯುವುದಿಲ್ಲ. ಸಂಸ್ಥೆಗೆ ಆರು ಅಧಿಕೃತ ಭಾಷೆಗಳಿದ್ದರೂ ಸಚಿವಾಲಯದ ನಿತ್ಯದ ಕೆಲಸ ಇಂಗ್ಲಿಷ್ ಮತ್ತು ಫ್ರೆಂಚ್‌ಗಳಲ್ಲಿ ಸಾಗುತ್ತದೆ, ಮತ್ತು ಆ ಇಂಗ್ಲಿಷ್ ಮೇಜಿನ ಸುತ್ತ ಕೂತ ಹೆಚ್ಚಿನವರಿಗೆ ತಾಯ್ನುಡಿಯಲ್ಲವಾದ್ದರಿಂದ ಸೂಚ್ಯವಾಗಿ ಹೇಳಿದ್ದು, ಅರ್ಧ ನುಂಗಿ ಹೇಳಿದ್ದು, ಮುಖಭಾವದಲ್ಲೇ ತಿಳಿಸಿದ್ದು ಎಲ್ಲವೂ ದಾರಿಯಲ್ಲೇ ಸೋರಿಹೋಗಿ, ಬರೆದದ್ದು ಮಾತ್ರ ಉಳಿಯುತ್ತದೆ.

ಅಲ್ಲಿ ಬಳಕೆಯಲ್ಲಿರುವ ಒಂದು ಪದ್ಧತಿಯನ್ನು ‘ಮೌನ ವಿಧಾನ’ ಎಂದು ಕರೆಯಬಹುದು. ಕರಡೊಂದನ್ನು ಎಲ್ಲರಿಗೂ ಕಳಿಸಿ ಇಂಥ ದಿನ, ಇಂಥ ಗಂಟೆ ಎಂದು ಗಡುವು ಹಾಕಲಾಗುತ್ತದೆ. ಅಷ್ಟರೊಳಗೆ ಯಾರೂ ಆಕ್ಷೇಪ ಎತ್ತದಿದ್ದರೆ ಎಲ್ಲರೂ ಒಪ್ಪಿದಂತೆ. ಎತ್ತಿದರೆ ಅದಕ್ಕೆ ‘ಮೌನ ಮುರಿಯುವುದು’ ಎಂದೇ ಹೆಸರು. 2020ರ ಮಾರ್ಚ್‌ನಲ್ಲಿ, ಕೋವಿಡ್‌ನಿಂದಾಗಿ ಸಭೆ ಸೇರಲಾಗದಿದ್ದಾಗ, ವಿಶ್ವಸಂಸ್ಥೆಯ ಸಾಮಾನ್ಯ ಸಭೆಯೇ ಕನಿಷ್ಠ 72 ಗಂಟೆಗಳ ಇಂಥ ಮೌನದ ಮೂಲಕ ನಿರ್ಣಯಗಳನ್ನು ಕೈಗೊಳ್ಳಲು ತೀರ್ಮಾನಿಸಿತು. ಮೌನಂ ಸಮ್ಮತಿ ಲಕ್ಷಣಂ ಎಂಬ ಮಾತು ನಮಗೆ ಹೊಸದಲ್ಲ. ಆದರೆ ನಮ್ಮ ಕಚೇರಿಗಳಲ್ಲಿ ಕಿರಿಯನು ಹಿರಿಯರೆದುರು ಸುಮ್ಮನಿರುವುದು ಗೌರವವೂ ಆಗಬಹುದು, ಸಂಶಯವೂ ಆಗಬಹುದು, ಎಷ್ಟೋ ಸಲ ಬಾಯಿಬಿಟ್ಟು ಹೇಳಲಾಗದ ನಿರಾಕರಣೆಯೂ ಆಗಬಹುದು. ಕೇಳುವವರು ಅದನ್ನು ಅಳೆದು ತೂಗಿ ತಿಳಿದುಕೊಳ್ಳುತ್ತಾರೆ. ಜಿನೀವಾದ ಮೇಜಿನ ಮೇಲೆ ಅಂಥ ತಕ್ಕಡಿ ಇಲ್ಲ.

ಪ್ರಸ್ತುತ ಲೇಖಕನು ಇದನ್ನು ಕಲಿತದ್ದು ಒಂದು ಕೋಷ್ಟಕದಿಂದ. ಮೇಲಧಿಕಾರಿ ತಯಾರಿಸಿದ ಕರಡಿನಲ್ಲಿ ಎರಡು ಸಾಲುಗಳ ಅಂಕಿಗಳು ಅದಲುಬದಲಾಗಿದ್ದುದು ಕಣ್ಣಿಗೆ ಬಿದ್ದರೂ, ಸಭೆಯಲ್ಲಿ ಎತ್ತಿ ಆಡುವುದು ಅವಮರ್ಯಾದೆಯೆಂದು ಬಗೆದು, ಕಾರಿಡಾರಿನಲ್ಲಿ ಸಿಕ್ಕಾಗ ಮೆಲ್ಲನೆ ಹೇಳಿದರಾಯಿತು ಎಂದು ಕಾಯುತ್ತಿದ್ದಾಗ ಗಡುವು ಮುಗಿದು ದಸ್ತಾವೇಜು ಅಂಗೀಕಾರವಾಯಿತು. ಮುಂದೆ ಅದಕ್ಕೊಂದು ತಿದ್ದೋಲೆ ಹೊರಡಿಸಬೇಕಾಯಿತು. ಮೇಲಧಿಕಾರಿಗೆ ಬೇಸರವಾದದ್ದು ತಪ್ಪಿಗಿಂತ ಹೆಚ್ಚಾಗಿ, ತಪ್ಪು ಕಂಡವನು ಹೇಳಲಿಲ್ಲವೆಂಬುದಕ್ಕೆ. ಗೌರವವೆಂದು ಇಟ್ಟುಕೊಂಡದ್ದು ಅವರ ಕಣ್ಣಿಗೆ ಅಸಡ್ಡೆಯಾಗಿ ಕಂಡಿತ್ತು, ಮತ್ತು ಅವರು ಹಾಗೆ ತಿಳಿದದ್ದರಲ್ಲಿ ತಪ್ಪಿರಲಿಲ್ಲ.

ಇದರರ್ಥ ಅಲ್ಲಿ ಹಿರಿಕಿರಿತನವಿಲ್ಲವೆಂದಲ್ಲ. ನಿರ್ದೇಶಕರನ್ನೂ ಹೆಸರು ಹಿಡಿದು ಕರೆಯುವ ಸಲುಗೆಯನ್ನು ಕಂಡು ಹೊಸಬರು ಮೋಸಹೋಗುತ್ತಾರೆ. ವೃತ್ತಿಪರ ಹುದ್ದೆಗಳಿಗೆ ‘ಪಿ’, ಅದರ ಮೇಲಿನ ನಿರ್ದೇಶಕ ಹುದ್ದೆಗಳಿಗೆ ‘ಡಿ’ ಎಂಬ ಅಕ್ಷರವೂ ಅದರ ಜೊತೆಗೊಂದು ಅಂಕಿಯೂ ಇದ್ದು, ಯಾರು ಯಾವ ಮೆಟ್ಟಿಲಲ್ಲಿದ್ದಾರೆಂಬುದು ಎಲ್ಲರಿಗೂ ಗೊತ್ತಿರುತ್ತದೆ. ಈ ವಿಷಯದಲ್ಲಿ ಕನ್ನಡಿಗರಿಗೆ ಒಂದು ಅನುಕೂಲವುಂಟು: ಫ್ರೆಂಚ್‌ನ ‘ತ್ಯು’ ಮತ್ತು ‘ವು’ ಎಂಬ ಸರ್ವನಾಮಗಳು ಹೆಚ್ಚುಕಡಿಮೆ ನಮ್ಮ ‘ನೀನು’ ಮತ್ತು ‘ನೀವು’ಗಳೇ ಆಗಿರುವುದರಿಂದ, ಇಂಗ್ಲಿಷ್ ಮಾತ್ರ ಬಲ್ಲ ಸಹೋದ್ಯೋಗಿಗಳು ತಡಕಾಡುವ ಕಡೆ ಅವರು ಬೇಗ ದಾರಿ ಕಂಡುಕೊಳ್ಳುತ್ತಾರೆ.

ಹೊಸಬರು ಮೊದಲ ವಾರದಲ್ಲೇ ಕೇಳಿ ತಿಳಿಯಬೇಕಾದ ಇನ್ನೊಂದು ಮೌನ ಕಚೇರಿಯದು. ಸ್ವಿಟ್ಜರ್ಲೆಂಡಿನ ವಿದೇಶಾಂಗ ಇಲಾಖೆ ಇಂಥ ನೌಕರರಿಗೆ ನೀಡುವ ಗುರುತುಚೀಟಿ ಹುದ್ದೆಗೆ ಕಟ್ಟಿದ್ದು. ಕುಟುಂಬದವರ ವಾಸದ ಹಕ್ಕೂ ಅದಕ್ಕೇ ಜೋತುಬಿದ್ದಿರುತ್ತದೆ. ಹುದ್ದೆಯಾದರೋ ಬಹುಮಟ್ಟಿಗೆ ಅವಧಿ ನಿಗದಿಯಾದ ನೇಮಕ. ಎಷ್ಟು ವರ್ಷ ದುಡಿದಿದ್ದರೂ ಅದು ನವೀಕರಣದ ನಿರೀಕ್ಷೆಗೆ ಆಧಾರವಾಗದು ಎಂದು ಸಿಬ್ಬಂದಿ ನಿಯಮವೇ ಹೇಳುತ್ತದೆ. ನೇಮಕದ ಪತ್ರದಲ್ಲಿ ನಮೂದಿಸಿದ ಕೊನೆಯ ದಿನ ಬಂದಾಗ ಕಚೇರಿ ಏನನ್ನೂ ಹೇಳದಿದ್ದರೆ, ಮುನ್ಸೂಚನೆ ಇಲ್ಲದೆಯೇ ನೇಮಕ ತಾನಾಗಿ ಮುಗಿಯುತ್ತದೆ.