ಕೌದಿಯೊಳಗೊಬ್ಬ ಪತ್ತೇದಾರ

ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಯ ಚಳಿಗಾಲದ ಸುಖಗಳ ಬಗ್ಗೆ ಬರೆಯುತ್ತೇನೆ ಎಂದರೆ ಮೊದಲು ಕೇಳಿಬರುವ ಮಾತು ‘ಇಲ್ಲೇನು ಅಂಥಾ ಚಳಿ?’ ಎಂಬುದು. ಮಾತು ಸುಳ್ಳಲ್ಲ. ನಮ್ಮಲ್ಲಿ ನಸುಕಿನ ಉಷ್ಣಾಂಶ 15 ಡಿಗ್ರಿಯ ಆಸುಪಾಸಿಗೆ ಇಳಿದರೆ ಅದೇ ದೊಡ್ಡ ಚಳಿ. ಹನ್ನೊಂದು ಹೊಡೆಯುವುದರೊಳಗೆ ಬಿಸಿಲು ಮತ್ತೆ ಚುರುಗುಟ್ಟುತ್ತದೆ. ಡಿಸೆಂಬರ್ ಕೊನೆಯ ಹಗಲು ಜೂನ್ ತಿಂಗಳ ಹಗಲಿಗಿಂತ ಹೆಚ್ಚೆಂದರೆ ಒಂದೂಮುಕ್ಕಾಲು ತಾಸಿನಷ್ಟು ಗಿಡ್ಡ. ಹಿಮ ಬಿದ್ದು ಬಾಗಿಲು ಹೂತುಹೋಗುವ ಸೀಮೆ ನಮ್ಮದಲ್ಲ. ಆದರೂ ದೀಪಾವಳಿ ಕಳೆದು ಸಂಕ್ರಾಂತಿ ಬರುವವರೆಗೆ ಇಲ್ಲಿನ ಮನೆಗಳ ನಡೆಯೇ ಬೇರೆಯಾಗುತ್ತದೆ. ಇದಕ್ಕೆ ಕಾರಣವನ್ನು ಥರ್ಮಾಮೀಟರಿನಲ್ಲಿ ಹುಡುಕಿದರೆ ಸಿಗದು. ಆ ದಿನಗಳಲ್ಲಿ ಮನೆಯೊಳಗಿನ ಯಾವ ಒಳ್ಳೆಯ ವಸ್ತುವೂ ಅವಸರಕ್ಕೆ ಬಗ್ಗುವುದಿಲ್ಲ, ನಮ್ಮ ಚಳಿಗಾಲದ ಸುಖವೆಂದರೆ ಕಾಯುವ ಸುಖ ಎಂಬುದು ಅನುಭವದಿಂದ ನನಗೆ ಖಾತ್ರಿಯಾದ ಸಂಗತಿ. ಪತ್ತೇದಾರಿ ಕಾದಂಬರಿಯೂ ಆ ಸುಖಗಳ ಸಾಲಿನಲ್ಲೇ ಕೂರುವಂಥದ್ದು. ಈ ತಿಂಗಳುಗಳಲ್ಲಿ ರುಚಿಸಿದಷ್ಟು ಅದು ಬೇರೆ ಯಾವಾಗಲೂ ರುಚಿಸದಿರುವುದಕ್ಕೆ ಇದೇ ಕಾರಣ ಎಂದು ನಾನು ನಂಬಿದ್ದೇನೆ.

ಅಡುಗೆಮನೆಯಿಂದಲೇ ನೋಡಿ. ಬೇಸಿಗೆಯಲ್ಲಿ ಸಂಜೆ ಹೆಪ್ಪು ಹಾಕಿದ ಹಾಲು ಬೆಳಗಾಗುವುದರೊಳಗೆ ಹುಳಿಯೇರಿರುತ್ತದೆ. ಮಾರ್ಗಶಿರದಲ್ಲಿ ಅದೇ ಹಾಲು ಮುಂಜಾನೆಯಾದರೂ ನೀರುನೀರಾಗಿಯೇ ಉಳಿಯುತ್ತದೆ. ಹೆಪ್ಪು ತುಸು ಹೆಚ್ಚು ಬೇಕು, ಹಾಲು ಉಗುರುಬೆಚ್ಚಗಿರುವಾಗಲೇ ಹಾಕಬೇಕು, ಗಡಿಗೆಯನ್ನು ಹಳೆಯ ಕಂಬಳಿ ತುಂಡಿನಲ್ಲಿ ಸುತ್ತಿ ಒಲೆಯ ಬದಿಗೆ ಇಡಬೇಕು. ಆಮೇಲೆ ಮುಚ್ಚಳ ತೆಗೆತೆಗೆದು ನೋಡಬಾರದು. ಹೀಗೆ ನಿಧಾನಕ್ಕೆ ಕೂತ ಮೊಸರು ಗಟ್ಟಿಯಾಗಿರುತ್ತದೆ, ಸಿಹಿಯಾಗಿಯೂ ಇರುತ್ತದೆ. ಎಳ್ಳು ಹಚ್ಚಿದ ಸಜ್ಜೆರೊಟ್ಟಿ, ಶೇಂಗಾ ಹಿಂಡಿಯ ಜೊತೆ ಅದಿದ್ದರೆ ಊಟಕ್ಕೆ ಬೇರೇನೂ ಬೇಡ. ರಂಜಕದ ವಿಷಯವೂ ಹೀಗೆಯೇ. ಗಿಡದಲ್ಲೇ ಕೆಂಪಾಗಿ ಇನ್ನೂ ಒಣಗದ ಮೆಣಸಿನಕಾಯಿ ಸಂತೆಗೆ ಬರುವುದು ವರ್ಷದಲ್ಲಿ ಕೆಲವೇ ವಾರ. ಅದನ್ನು ತೊಳೆದು, ಒಂದೊಂದು ಕಾಯನ್ನೂ ಅರಿವೆಯಿಂದ ಒರೆಸಿ, ನೆರಳಲ್ಲಿ ಆರಹಾಕಿ, ತೊಟ್ಟು ತೆಗೆದು, ಉಪ್ಪು, ಬೆಳ್ಳುಳ್ಳಿ, ಹುರಿದ ಮೆಂತ್ಯದ ಪುಡಿ ಕೂಡಿಸಿ ರುಬ್ಬಿ, ನಿಂಬೆರಸ ಹಿಂಡಿ ಭರಣಿಗೆ ತುಂಬುತ್ತಾರೆ. ಒಂದು ಕಾಯಿಯ ಮೇಲೆ ನೀರಿನ ಪಸೆ ಉಳಿದರೂ ಭರಣಿಯ ಬಾಯಲ್ಲಿ ಬೂಷ್ಟು ಕಟ್ಟುತ್ತದೆ. ರುಬ್ಬಿದ ದಿನ ಅದು ಬರೀ ಖಾರ, ನಾಲಗೆಯ ತುದಿ ಸುಡುತ್ತದೆ ಅಷ್ಟೆ. ನಾಲ್ಕೈದು ದಿನ ಹೋದ ಮೇಲೆ ಉಪ್ಪು, ಹುಳಿ, ಬೆಳ್ಳುಳ್ಳಿ ಒಂದರೊಳಗೊಂದು ಇಳಿದು ರಂಜಕವಾಗುತ್ತದೆ. ಕೌದಿಯದು ಇನ್ನೂ ದೀರ್ಘ ಲೆಕ್ಕ. ಉಟ್ಟು ಉಟ್ಟು ಮೆತ್ತಗಾದ ನೂಲಿನ ಸೀರೆ, ಧೋತರಗಳನ್ನು ಪದರು ಪದರಾಗಿ ಹಾಸಿ, ಮೇಲೆ ಬಣ್ಣದ ತುಂಡು ಜೋಡಿಸಿ, ಒತ್ತೊತ್ತಾಗಿ ಸಾಲುಹೊಲಿಗೆ ಹಾಕುತ್ತ ಹೋಗಬೇಕು. ಹೊಲಿಗೆ ಒತ್ತಾದಷ್ಟೂ ಒಳಗಿನ ಪದರು ಸರಿಯುವುದಿಲ್ಲ. ಅಂಗಡಿಯ ರಗ್ಗು ತಂದ ರಾತ್ರಿಯೇ ಬೆಚ್ಚಗಿರುತ್ತದೆ ನಿಜ, ಆದರೆ ವರ್ಷ ಕಳೆದಂತೆ ಮೈಗೆ ಒಗ್ಗುವುದು ಕೌದಿ ಮಾತ್ರ. ರಾಣೇಬೆನ್ನೂರು ತಾಲ್ಲೂಕಿನ ಮೆಡ್ಲೇರಿ ಕಡೆಯ ಕರಿ ಕಂಬಳಿಯೂ ಹೊಸದರಲ್ಲಿ ಚುಚ್ಚುತ್ತದೆ. ಎರಡು ಚಳಿಗಾಲ ಹೊದ್ದ ಮೇಲೆ ಅದನ್ನು ಬಿಟ್ಟು ಮಲಗಲು ಮನಸ್ಸಾಗುವುದಿಲ್ಲ.

ಇವುಗಳ ಪಕ್ಕದಲ್ಲಿ ನಾನು ಪತ್ತೇದಾರಿ ಕಾದಂಬರಿಯನ್ನು ಇಡುವುದು ಅದೂ ತಡಮಾಡಿಯೇ ಸುಖ ಕೊಡುವ ವಸ್ತು ಎಂಬ ಕಾರಣಕ್ಕೆ. ಕೊಲೆ ಮೊದಲ ಅಧ್ಯಾಯದಲ್ಲೇ ಆಗಿಹೋಗಿರುತ್ತದೆ. ಕೊಂದವರು ಯಾರೆಂಬುದು ಕೊನೆಯ ಪುಟಗಳಲ್ಲಿ ಅಚ್ಚಾಗಿ ಕೂತಿದೆ, ಹೆಬ್ಬೆರಳು ಸರಿಸಿದರೆ ಸಾಕು. ಆದರೂ ಓದುಗರು ಸರಿಸುವುದಿಲ್ಲ. ಉತ್ತರ ಎದುರಿಗಿದ್ದೂ ಅದನ್ನು ಮುಟ್ಟದೆ ಇನ್ನೂರು ಪುಟ ನಡೆಯುವ ಈ ಸಂಯಮ ಬೇರೆ ಬಗೆಯ ಪುಸ್ತಕದಲ್ಲಿ ಇಷ್ಟು ಸಲೀಸಾಗಿ ಬರುವುದನ್ನು ನಾನು ಕಂಡಿಲ್ಲ. ಒಳ್ಳೆಯ ಲೇಖಕ ಸುಳಿವನ್ನು ಬಚ್ಚಿಡುವುದೂ ಇಲ್ಲ, ನಾಲ್ಕು ಸಾಮಾನ್ಯ ಸಂಗತಿಗಳ ನಡುವೆ ಬಿಟ್ಟು ಮುಂದೆ ಹೋಗಿರುತ್ತಾನೆ. ಷೆರ್ಲಾಕ್ ಹೋಮ್ಸ್‌ನ ‘ಸಿಲ್ವರ್ ಬ್ಲೇಜ್’ ಕಥೆಯಲ್ಲಿ ಕುದುರೆ ಕಳುವಾದ ರಾತ್ರಿ ಲಾಯದ ನಾಯಿ ಬೊಗಳಲಿಲ್ಲ ಎಂಬುದೇ ಸುಳಿವು. ಬಂದವನು ನಾಯಿಗೆ ಗೊತ್ತಿದ್ದವನು ಎಂಬುದು ಅದರಿಂದ ಹೊಳೆಯಬೇಕು. ಆಗದೆ ಇದ್ದದ್ದನ್ನು ಗಮನಿಸುವ ಇಂಥ ಓದಿಗೆ ಎದ್ದೆದ್ದು ಹೋಗುವ ಸಂಜೆ ಒದಗುವುದಿಲ್ಲ. ಇಂಗ್ಲೆಂಡಿನಲ್ಲಿ ಅಗಾಥಾ ಕ್ರಿಸ್ಟಿಯ ಪ್ರಕಾಶಕರು ವರ್ಷವರ್ಷ ಕ್ರಿಸ್‌ಮಸ್ ಹೊತ್ತಿಗೆ ಅವರ ಹೊಸ ಪುಸ್ತಕ ಮಾರುಕಟ್ಟೆಗೆ ಬಿಡುತ್ತಿದ್ದುದು ಇದನ್ನು ಅರಿತೇ. ನಾರ್ವೆಯವರಂತೂ ಈಸ್ಟರ್ ರಜೆಯನ್ನೇ ಅಪರಾಧ ಕಾದಂಬರಿಗಳಿಗೆ ಮೀಸಲಿಟ್ಟಿದ್ದಾರೆ. ಅಲ್ಲಿನವರನ್ನು ಹಿಮ ಮನೆಯಲ್ಲಿ ಕೂರಿಸಿದರೆ, ನಮ್ಮನ್ನು ಕೂರಿಸುವುದು ಬೇಗ ಕವಿಯುವ ಕತ್ತಲು, ಸೊಳ್ಳೆ ಸೆಖೆ ಎರಡೂ ಇಲ್ಲದ ರಾತ್ರಿ, ಕಾಲಮೇಲೆ ಬಿದ್ದ ಕೌದಿಯ ಭಾರ.

ಇಲ್ಲಿ ಗಟ್ಟಿಯಾದ ಆಕ್ಷೇಪವೊಂದಿದೆ. ಬೇಂದ್ರೆ, ಗೋಕಾಕರ ಸೀಮೆಯಲ್ಲಿ ಕೂತು, ಕನಕದಾಸರ ಬಾಡ–ಕಾಗಿನೆಲೆಗಳ ನೆರೆಯಲ್ಲಿ ಕೂತು ಓದುವುದಕ್ಕೆ ಕೊಲೆಯ ಕಥೆಯೇ ಬೇಕೆ ಎಂದು ಕೇಳುವವರಿದ್ದಾರೆ. ಪ್ರಶ್ನೆಯ ಹಿಂದಿರುವ ಕಳಕಳಿಯನ್ನು ನಾನು ಗೌರವಿಸುತ್ತೇನೆ, ಆದರೆ ಅದು ಓದುಗರು ಹೇಗೆ ಹುಟ್ಟುತ್ತಾರೆ ಎಂಬುದನ್ನು ಮರೆಯುತ್ತದೆ. ಹಾವೇರಿಗೆ ಹತ್ತಿರದ ಅಗಡಿಯ ಆನಂದವನದಿಂದ 1907ರಲ್ಲಿ ‘ಸದ್ಬೋಧ ಚಂದ್ರಿಕೆ’ ಮಾಸಪತ್ರಿಕೆ ಹೊರಟಿತು. ಅದರ ಜೀವಾಳವಾಗಿದ್ದವರು ಗಳಗನಾಥರು, ಅಂದರೆ ವೆಂಕಟೇಶ ತಿರಕೋ ಕುಲಕರ್ಣಿಯವರು. ಮುಂದೇನಾಯಿತು ಎಂಬ ಕುತೂಹಲವನ್ನು ಹಿಡಿದು ನಿಲ್ಲಿಸುವ ಐತಿಹಾಸಿಕ ಕಾದಂಬರಿಗಳನ್ನು ಬರೆದು, ತಲೆಯ ಮೇಲೆ ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದವರು ಅವರು. ಮರಾಠಿ ಓದುತ್ತಿದ್ದ ಮನೆಗಳಿಗೆ ಕನ್ನಡ ಪುಸ್ತಕ ನುಗ್ಗಿದ್ದು ಆ ಕುತೂಹಲದ ಬೆನ್ನೇರಿ. ಅದೇ ಕೆಲಸವನ್ನು ಮುಂದೆ ಬೇರೊಂದು ನೆಲೆಯಲ್ಲಿ ಮಾಡಿದವರು ಚಿಕ್ಕಮಗಳೂರಿನಲ್ಲಿ ಹುಟ್ಟಿದ ಎನ್. ನರಸಿಂಹಯ್ಯ. ನಾಲ್ಕನೆಯ ಇಯತ್ತೆಯವರೆಗಷ್ಟೇ ಓದಿದ ಅವರು 500ಕ್ಕೂ ಹೆಚ್ಚು ಕಾದಂಬರಿ ಬರೆದರು. ಅವರ ‘ಪತ್ತೇದಾರ ಪುರುಷೋತ್ತಮ’ನಿಗಾಗಿಯೇ ಅಕ್ಷರ ಕೂಡಿಸಿ ಓದಲು ಕಲಿತವರು ನಾಡಿನ ತುಂಬ ಇದ್ದಾರೆ. ಕೆಂಪು ಹಳದಿಯ ಕನ್ನಡ ಬಾವುಟವನ್ನು ರೂಪಿಸಿದ ಮ. ರಾಮಮೂರ್ತಿಯವರು ಬರೆಯುತ್ತಿದ್ದುದೂ ಪತ್ತೇದಾರಿ ಕಾದಂಬರಿಗಳನ್ನೇ. ಟಿ.ಕೆ. ರಾಮರಾಯರ ಹೆಸರು ಹೇಳಿದರೆ ರಹಸ್ಯ, ಕೊಲೆ, ತನಿಖೆ ನೆನಪಾಗುತ್ತವೆ. ಹಳ್ಳಿಗೆ ಮರಳಿ ಬೇಸಾಯ ಮಾಡುವವನ ಕಥೆಯಾದ ‘ಬಂಗಾರದ ಮನುಷ್ಯ’ವನ್ನು, 1972ರ ಆ ಚಲನಚಿತ್ರಕ್ಕೆ ಮೂಲವಾದ ಕಾದಂಬರಿಯನ್ನು, ಬರೆದವರೂ ಅವರೇ. ಅಗ್ಗದ ಕಾಗದದ ಮೇಲೆ ಬಂದ ಪುಸ್ತಕವನ್ನು ಅಗ್ಗದ ಬರಹ ಎಂದು ಕರೆಯುವ ಮುಂಚೆ ಇದನ್ನೆಲ್ಲ ತೂಗಿ ನೋಡಬೇಕು. ಇವುಗಳಲ್ಲಿ ಜಾಳು ಬರಹವೂ ಸಾಕಷ್ಟಿದೆ ಎಂಬುದನ್ನು ಒಪ್ಪುತ್ತೇನೆ. ಕೊನೆಯ ಅಧ್ಯಾಯದಲ್ಲಿ ಎಲ್ಲಿಂದಲೋ ಒಬ್ಬ ಅವಳಿ ತಮ್ಮನನ್ನು ತಂದು ನಿಲ್ಲಿಸುವ ಕಾದಂಬರಿ ಓದುಗರ ಎರಡು ರಾತ್ರಿಯನ್ನು ಕದ್ದಂತೆಯೇ ಸರಿ. ಕಾದಿದ್ದಕ್ಕೆ ನ್ಯಾಯ ಸಲ್ಲಿಸುವ ಪುಸ್ತಕ ಯಾವುದು, ಸಲ್ಲಿಸದ್ದು ಯಾವುದು ಎಂಬ ಭೇದವನ್ನು ಓದುಗರು ಓದಿಯೇ ಕಲಿಯುತ್ತಾರೆ.

ಇದಕ್ಕಿಂತ ಕಠಿಣವಾದ ಆಕ್ಷೇಪ ಬ್ಯಾಡಗಿಯಿಂದ ಬರುತ್ತದೆ. ಚಳಿಗಾಲದಲ್ಲಿ ಕಾಲು ಚಾಚಿ ಓದುವ ಮಾತು ಸಂಬಳದವರಿಗೆ ಸರಿ, ಡಿಸೆಂಬರಿನಿಂದ ಮಾರ್ಚ್‌ವರೆಗೆ ಬ್ಯಾಡಗಿಯಲ್ಲಿ ಉಸಿರಾಡಲಿಕ್ಕೂ ಪುರಸೊತ್ತಿಲ್ಲ. ಸೋಮವಾರ, ಗುರುವಾರ ಮಾರುಕಟ್ಟೆಗೆ ಡಬ್ಬಿ, ಕಡ್ಡಿ ಮೆಣಸಿನಕಾಯಿಯ ಚೀಲಗಳು ಲಾರಿಗಟ್ಟಲೆ ಬಂದು ಬೀಳುತ್ತವೆ. 2011ರಲ್ಲಿ ಭೌಗೋಳಿಕ ಸೂಚಕ ಪಡೆದ ಈ ಕಾಯಿಯ ಬಣ್ಣ ದೂರದ ದೇಶಗಳಿಗೆ ಹೋಗುತ್ತದೆ, ಘಾಟು ಊರಲ್ಲೇ ಉಳಿಯುತ್ತದೆ. ಮೂಗಿಗೆ ಸೆರಗು ಕಟ್ಟಿಕೊಂಡು ದಿನವಿಡೀ ತೊಟ್ಟು ಬಿಡಿಸುವ ಹೆಣ್ಣುಮಕ್ಕಳಿಗೆ ಇದೇ ದುಡಿಮೆಯ ಕಾಲ. ರೈತನೂ ಕಾಯುತ್ತಾನೆ: ಕಣದಲ್ಲಿ ಹರವಿದ ಕಾಯಿ ಒಣಗಲೆಂದು, ಟೆಂಡರಿನಲ್ಲಿ ದರ ಏರಲೆಂದು, ಏರದಿದ್ದರೆ ಶೀತಲಗೃಹದಲ್ಲಿ ಚೀಲ ಇಟ್ಟು ಇನ್ನೂ ಕೆಲವು ತಿಂಗಳು. ಆ ಕಾಯುವಿಕೆಯಲ್ಲಿ ಸುಖವೆಲ್ಲಿದೆ? 2024ರ ಮಾರ್ಚ್‌ನಲ್ಲಿ ದರ ಕುಸಿದಾಗ ಅದು ಸಿಟ್ಟಾಗಿ ಒಡೆದು ಮಾರುಕಟ್ಟೆ ಆವರಣದಲ್ಲಿ ವಾಹನಗಳಿಗೆ ಬೆಂಕಿ ಬಿತ್ತು. ಕಾಯುವುದೇ ಸುಖ ಎಂಬ ನನ್ನ ಮಾತನ್ನು ಈ ಸಂಗತಿ ತಿದ್ದುತ್ತದೆ, ತಿದ್ದಲೇಬೇಕು. ಉತ್ತರ ಬಂದೇ ಬರುತ್ತದೆ ಎಂಬ ಭರವಸೆ ಇದ್ದಾಗಷ್ಟೇ ಕಾಯುವುದು ಸುಖ. ಭರಣಿಯ ರಂಜಕ ನಾಲ್ಕು ದಿನಕ್ಕೆ ಹದಕ್ಕೆ ಬರುವುದು ಖಚಿತ. ಮೆಣಸಿನಕಾಯಿ ದರ ಖಚಿತವಲ್ಲ. ಪತ್ತೇದಾರಿ ಕಾದಂಬರಿ ಓದುಗರಿಗೆ ಕೊಡುವುದು ಆ ಮೊದಲನೆಯ ಬಗೆಯದನ್ನು. ಗೋಜಲು ಎಷ್ಟೇ ಇರಲಿ, ಕೊನೆಗೆ ಒಬ್ಬರು ಎಲ್ಲವನ್ನೂ ಬಿಡಿಸಿ ಹೇಳುತ್ತಾರೆ, ಯಾಕೆ ಹೀಗಾಯಿತು ಎಂಬುದಕ್ಕೆ ಲೆಕ್ಕ ಸಿಗುತ್ತದೆ. ಮಳೆಗೆ, ದರಕ್ಕೆ, ಕಚೇರಿಯ ಸಹಿಗೆ ಕಾದು ಕಾದು ಉತ್ತರವಿಲ್ಲದೆ ದಿನ ಕಳೆಯುವವರಿಗೆ ಇಂಥ ರಾತ್ರಿ ಬೇಡವೆನ್ನಲು ನಾವು ಯಾರು? ಈ ಪುಸ್ತಕಗಳನ್ನು ಹೆಚ್ಚು ಪ್ರೀತಿಸಿದವರಲ್ಲಿ ಬಸ್ಸಿನ ಕಂಡಕ್ಟರು, ಅಂಗಡಿಯ ಗುಮಾಸ್ತ, ಮಿಲ್ಲಿನ ಕೆಲಸಗಾರ, ಮನೆಗೆಲಸದ ನಡುವೆ ಬಿಡುವು ಕದಿಯುವ ಗೃಹಿಣಿ ಇದ್ದದ್ದು ಆಕಸ್ಮಿಕವಲ್ಲ.

ಗೃಹಿಣಿಯ ಮಾತು ಬಂದಿದ್ದರಿಂದ ಇದನ್ನೂ ಹೇಳಬೇಕು. ಮೊಸರು, ರಂಜಕ, ಕೌದಿ ಎಂದು ನಾನು ಹೊಗಳಿದ್ದೆಲ್ಲ ಬಹುಪಾಲು ಒಬ್ಬರ ಕೈಯಿಂದ ಬಂದದ್ದು, ಅವರು ಕೂತು ಓದುವ ಹೊತ್ತಿಗೆ ಮನೆಯ ದೀಪ ಆರಿರುತ್ತದೆ. ಎಳ್ಳಮಾಸಿಗೆ ಚರಗ ಚೆಲ್ಲಲು ಹೊಲಕ್ಕೆ ಹೋಗುವ ಬುತ್ತಿಗಾಗಿ ಹಿಂದಿನ ರಾತ್ರಿಯಿಂದ ರೊಟ್ಟಿ ಬಡಿಯುವವರು ಅವರೇ. ಚಳಿಗಾಲದ ಸಂಜೆ ಎಲ್ಲರದೂ ಆಗಬೇಕಾದರೆ ಅಡುಗೆ, ಪಾತ್ರೆ, ನೀರೊಲೆಯ ಉರಿ ಮನೆಮಂದಿಗೆಲ್ಲ ಹಂಚಿಹೋಗಬೇಕು. ಸಾಧ್ಯವಾದ ಮನೆಗಳಲ್ಲಿ ಒಬ್ಬರು ಗಟ್ಟಿಯಾಗಿ ಓದಿ ಉಳಿದವರು ಕೇಳುವುದು ಬಲು ಒಳ್ಳೆಯ ಏರ್ಪಾಡು. ಪತ್ತೇದಾರಿ ಕಾದಂಬರಿಯಷ್ಟು ಇದಕ್ಕೆ ಒದಗುವ ಪುಸ್ತಕ ಕಡಿಮೆ. ಅಧ್ಯಾಯ ಮುಗಿದೊಡನೆ ಯಾರ ಮೇಲೆ ಗುಮಾನಿ ಎಂಬ ವಾದ ಶುರುವಾಗುತ್ತದೆ, ಶೇಂಗಾ ಬಿಡಿಸುವ ಕೈ ನಿಂತು ಕಿವಿ ನೆಟ್ಟಗಾಗುತ್ತದೆ. ಮೊಬೈಲಿನಲ್ಲಿ ಇದೆಲ್ಲ ಸಿಗುತ್ತದಲ್ಲ, ವೆಬ್ ಸರಣಿಗಳು ತುಂಬಿಬಿದ್ದಿವೆಯಲ್ಲ ಎಂಬ ಮಾತಿಗೆ ನನ್ನ ಉತ್ತರ ಚಿಕ್ಕದು. ಅಲ್ಲಿ ಒಂದು ಕಂತು ಮುಗಿಯುವುದರೊಳಗೆ ಮುಂದಿನದು ತಾನಾಗಿ ಓಡತೊಡಗುತ್ತದೆ, ನಮ್ಮ ಊಹೆಗೆ ಜಾಗವೇ ಉಳಿಯುವುದಿಲ್ಲ. ಪುಸ್ತಕದಲ್ಲಿ ಎಷ್ಟು ತಡಮಾಡಬೇಕೆಂಬುದು ಓದುವವರ ಕೈಯಲ್ಲಿದೆ. ನಾಳೆಗೆ ಇರಲಿ ಎಂದು ಮಡಚಿಟ್ಟರೆ ಮರುದಿನ ಸಂತೆಯಲ್ಲೂ ಬಸ್ಸಿನಲ್ಲೂ ಆ ಬಿಡಿಸಲಾಗದ ಗಂಟು ತಲೆಯಲ್ಲಿ ಕೆಲಸ ಮಾಡುತ್ತಲೇ ಇರುತ್ತದೆ.

ಆದರೆ ಪುಸ್ತಕ ಸಿಗಬೇಕಲ್ಲ. 2023ರ ಜನವರಿಯಲ್ಲಿ 86ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ಹಾವೇರಿಯಲ್ಲೇ ನಡೆಯಿತು. ಮೂರು ದಿನದ ಜಾತ್ರೆ ಮುಗಿದ ಮೇಲೆ ಉಳಿಯುವುದು ಊರಿನ ಗ್ರಂಥಾಲಯ. ದಿನಕ್ಕೆ ಇಷ್ಟೆಂದು ಬಾಡಿಗೆಗೆ ಕಾದಂಬರಿ ಕೊಡುತ್ತಿದ್ದ ಅಂಗಡಿಗಳ ಕಾಲ ಮುಗಿದಿದೆ. ನರಸಿಂಹಯ್ಯ, ರಾಮಮೂರ್ತಿಯವರ ಎಷ್ಟೋ ಪುಸ್ತಕಗಳು ಈಗ ಸಿಗುವುದು ಕಷ್ಟ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಅರಿವು ಕೇಂದ್ರಗಳಾಗಿ ಬದಲಾಗಿ ಅಲ್ಲಿ ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕ, ಕಂಪ್ಯೂಟರ್ ಬಂದಿರುವುದು ಸಂತೋಷವೇ. ಅದರ ಜೊತೆಗೆ ಪತ್ತೇದಾರಿ ಕಾದಂಬರಿಗಳಿಗೂ ಒಂದು ಕಪಾಟು ಇರಲಿ ಎಂದು ಕೇಳುವುದು ದುಂದಿನ ಬೇಡಿಕೆಯಲ್ಲ. ಆಸ್ತಿ ತೆರಿಗೆಯ ಜೊತೆ ನಾವು ಗ್ರಂಥಾಲಯ ಕರವನ್ನೂ ಕಟ್ಟುತ್ತೇವೆ. ಕಾರ್ತಿಕದಿಂದ ಮಾಘದವರೆಗೆ ಗ್ರಂಥಾಲಯದ ಬಾಗಿಲು ರಾತ್ರಿ ಎಂಟರ ತನಕ ತೆರೆದಿರಲಿ, ಪುಸ್ತಕ ಮನೆಗೆ ಒಯ್ಯುವ ಅವಧಿಯನ್ನು ತುಸು ಉದ್ದ ಮಾಡಲಿ. ಬ್ಯಾಡಗಿಯಲ್ಲಂತೂ ಮಾರುಕಟ್ಟೆಗೆ ಹತ್ತಿರದಲ್ಲೇ ಅಂಥದ್ದೊಂದು ಕಪಾಟು ಬೇಕು. ತೊಟ್ಟು ಬಿಡಿಸಿ ಮನೆಗೆ ಹೊರಟ ಹೆಣ್ಣುಮಕ್ಕಳು ಅಲ್ಲಿ ನಿಂತು, ಠೇವಣಿಯ ತಕರಾರಿಲ್ಲದೆ, ತಮಗೆ ಬೇಕಾದ ಪುಸ್ತಕವನ್ನು ತಾವೇ ಆರಿಸಿಕೊಂಡು ಹೋಗುವಂತಿರಬೇಕು.